ದುಡ್ಡು ಕೊಟ್ಟರೆ ಮಾತ್ರ ಪುಸ್ತಕ ಮುಟ್ಟುತ್ತಾನೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗ 4ನೇ ಕ್ಲಾಸು. ಹೋದ ವರ್ಷ ಮಗ್ಗಿ ಕಲಿಯಲಿ ಅಂತ ಒಂದು ಮಗ್ಗಿಗೆ 10 ರೂಪಾಯಿ ಕೊಡೋಕೆ ಶುರು ಮಾಡಿದೆ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಈಗ ಕಾಪಿ ಬರೆಯಲೂ ದುಡ್ಡು, ಪಾಠ ಓದಲೂ ದುಡ್ಡು. ಮುಂಚೆ ತಾನಾಗೇ ಓದುತ್ತಿದ್ದ ಕಥೆಪುಸ್ತಕಕ್ಕೂ ‘ಎಷ್ಟು ಕೊಡ್ತೀಯ?’ ಅಂತಾನೆ. ಕ್ಯಾಲೆಂಡರಿನ ಮೇಲೆ ಲೆಕ್ಕ ಬರೆದು ‘140 ರೂಪಾಯಿ ಬಾಕಿ’ ಅಂತಾನೆ. ರಾತ್ರಿ ಊಟಕ್ಕೆ ಕೂತರೆ ಮೊಬೈಲ್ ಬೇಕು, ಇಲ್ಲದಿದ್ದರೆ ರಂಪ. ನಾನು ಗಟ್ಟಿಯಾಗಿದ್ದರೂ ಅತ್ತೆಯವರು ತಡೆಯಲಾರದೆ ಕೊಟ್ಟುಬಿಡುತ್ತಾರೆ. ನಮ್ಮ ಮನೆಯವರು ‘ದಂಡಂ ದಶಗುಣಂ’ ಅಂತ ಬರಲು ಕಡ್ಡಿ ಹಿಡಿಯುತ್ತಾರೆ. ಹೊಡೆದ ದಿನ ಓದುತ್ತಾನೆ, ಮರುದಿನ ಅದೇ ಹಾಡು. ಈಗ ತಂಗಿಗೆ ಹೊಡೆಯೋಕೂ ಶುರು ಮಾಡಿದ್ದಾನೆ. ಬಹುಮಾನ ಕೊಟ್ಟು ನಾನೇ ಹಾಳು ಮಾಡಿದೆನಾ? ಹೊಡೆಯೋದೇ ಸರಿಯಾ?

ಉತ್ತರ: ನೀವು ಹಾಳು ಮಾಡಿಲ್ಲ. ಹೊಡೆಯುವುದೂ ಸರಿಯಲ್ಲ. ನೇರ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಕೈಬಿಟ್ಟರೆ ನಾಳೆ ಸಂಜೆ ನಿಮಗೆ ಅದರಿಂದ ಏನೂ ಉಪಯೋಗವಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾವು ಖುಷಿಯಿಂದ ಕೊಟ್ಟದ್ದು ಬಹುಮಾನ, ಸಿಟ್ಟಿನಿಂದ ಕೊಟ್ಟದ್ದು ಶಿಕ್ಷೆ. ಇದು ದೊಡ್ಡವರ ಲೆಕ್ಕ. ಮಗುವಿನ ಲೆಕ್ಕ ಬೇರೆ. ತಾನು ಒಂದು ಕೆಲಸ ಮಾಡಿದ ಕೂಡಲೇ ಏನಾಯಿತು? ಬೇಕಾದದ್ದು ಸಿಕ್ಕಿತಾ? ಬೇಡದ್ದು ತಪ್ಪಿತಾ? ಅದು ನೋಡುವುದು ಇಷ್ಟನ್ನೇ. ನಿಮ್ಮ ಉದ್ದೇಶ ಎಷ್ಟು ಒಳ್ಳೆಯದಿತ್ತು ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಿಮ್ಮ ಮನೆಯ ಗೋಜಲನ್ನು ಮಗುವಿನ ಲೆಕ್ಕದಲ್ಲೇ ಒಮ್ಮೆ ನೋಡೋಣ.

ನೀವು ದುಡ್ಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ನನಗೆ ಊಟದ ಹೊತ್ತಿನ ರಂಪವೇ ದೊಡ್ಡದಾಗಿ ಕಂಡಿತು. ರಾತ್ರಿ 8 ಗಂಟೆ ಅಂತ ಇಟ್ಟುಕೊಳ್ಳಿ. ತಟ್ಟೆಗೆ ಅನ್ನ ಬಿತ್ತು. ‘ಮೊಬೈಲ್ ಕೊಡು’ ಅಂದ. ಇಲ್ಲ ಅಂದಿರಿ. ಮುಖ ಊದಿಸಿಕೊಂಡ. ತಟ್ಟೆ ತಳ್ಳಿದ, ಸಾರು ಚೆಲ್ಲಿತು. ನೀವು ಬೈದಿರಿ. ದನಿ ಏರಿತು. ಕಾಲು ಬಡಿದ, ಬಿಕ್ಕಳಿಸಿದ, ಕೆಮ್ಮಿದ. ಒಳಗಿನಿಂದ ಅಜ್ಜಿ ‘ಉಣ್ಣೋ ಹೊತ್ತಲ್ಲಿ ಮಗೂನ ಅಳಿಸ್ತಾರಾ?’ ಅನ್ನುತ್ತಾ ಬಂದರು. ಮೊಬೈಲ್ ಕೈಗೆ ಬಂತು. ಅಳು ಗಕ್ಕನೆ ನಿಂತಿತು. ಹುಡುಗ ತುತ್ತು ಬಾಯಿಗಿಟ್ಟ. ಮನೆ ತಣ್ಣಗಾಯಿತು.

ಇಲ್ಲಿ ಇಬ್ಬರಿಗೆ ಪಾಠ ಆಯಿತು. ಸುಮ್ನೆ ಕೇಳಿದರೆ ಸಿಗುವುದಿಲ್ಲ, ಕೆಮ್ಮು ಬರುವಷ್ಟು ಅತ್ತರೆ ಸಿಗುತ್ತದೆ ಅನ್ನುವುದು ಹುಡುಗನಿಗೆ ತಿಳಿಯಿತು. ಮೊಬೈಲ್ ಕೊಟ್ಟರೆ ಕಿವಿಗೆ ನೆಮ್ಮದಿ ಅನ್ನುವುದು ಅಜ್ಜಿಗೆ ತಿಳಿಯಿತು. ಅವನಿಗೆ ಬೇಕಾದದ್ದು ಸಿಕ್ಕಿತು, ಅವರಿಗೆ ಬೇಡದ್ದು ತಪ್ಪಿತು. ಎರಡೂ ಬಹುಮಾನವೇ. ನಾಳೆ ಇಬ್ಬರೂ ಇದನ್ನೇ ಮಾಡುತ್ತಾರೆ. ಅಜ್ಜಿ ಮೊಮ್ಮಗನನ್ನು ಮುದ್ದು ಮಾಡಿ ಕೆಡಿಸಿದರು ಅಂತ ನೀವು ಅಂದುಕೊಳ್ಳುತ್ತೀರಿ. ನಿಜ ಹೇಳಬೇಕೆಂದರೆ ಮೊಮ್ಮಗನೇ ಅಜ್ಜಿಯನ್ನು ಪಳಗಿಸಿದ್ದಾನೆ.

ಇದನ್ನು ಗಡಿಯಾರ ಹಿಡಿದು ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್. 1898ರಲ್ಲಿ ಅವರು ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿ ಹೊರಗೆ ತಿನ್ನಲು ಇಟ್ಟರು. ಬೆಕ್ಕು ಪರಚಿತು, ಕಚ್ಚಿತು, ಸಂದಿಯಲ್ಲಿ ಕೈ ತೂರಿಸಿತು. ಹೀಗೆ ಒದ್ದಾಡುವಾಗ ಕೈ ತಪ್ಪಿ ಅಗಳಿ ಜಾರಿ ಬಾಗಿಲು ತೆರೆಯಿತು. ಮತ್ತೆ ಮತ್ತೆ ಕೂಡಿಹಾಕಿದರೆ ಹೊರಬರುವ ಹೊತ್ತು ನಿಧಾನಕ್ಕೆ ಕಡಿಮೆಯಾಗುತ್ತಾ ಬಂತು. ಬೆಕ್ಕಿಗೆ ಥಟ್ಟನೆ ಏನೋ ಹೊಳೆಯಿತು ಅಂತಲ್ಲ. ಫಲ ಕೊಡದ ಪರಚಾಟ ಉದುರಿಹೋಯಿತು, ಫಲ ಕೊಟ್ಟ ಒಂದು ಚಲನೆ ಉಳಿಯಿತು. ನಿಮ್ಮ ಹುಡುಗನ ಕೆಮ್ಮೂ ಹಾಗೇ ಉಳಿದದ್ದು. ಅವನು ಕೂತು ಉಪಾಯ ಹೂಡುತ್ತಿದ್ದಾನೆ ಅಂತ ಸಿಟ್ಟು ಮಾಡಿಕೊಳ್ಳಬೇಡಿ.

ನೀವು ಕೇಳಬಹುದು: ‘ನಾನು ಎಷ್ಟೋ ದಿನ ಕೊಟ್ಟೇ ಇಲ್ಲ, ಆದರೂ ಯಾಕೆ ಬಿಡಲ್ಲ?’ ಕೊಡದ ದಿನಗಳೇ ಈ ಅಭ್ಯಾಸವನ್ನು ಗಟ್ಟಿ ಮಾಡಿರುವುದು. ಇದು ಗೊತ್ತಾದ ಕಥೆ ಸ್ವಾರಸ್ಯವಾಗಿದೆ. ಬಿ.ಎಫ್. ಸ್ಕಿನ್ನರ್ ಎಂಬ ವಿಜ್ಞಾನಿ ಇಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡುತ್ತಿದ್ದರು. ಇಲಿ ಸನ್ನೆಕೋಲು ಒತ್ತಿದರೆ ಒಂದು ಉಂಡೆ ತಿಂಡಿ ಬೀಳುತ್ತಿತ್ತು. ಆ ಉಂಡೆಗಳನ್ನು ಅವರು ಕೈಯಾರೆ ಮಾಡಿಕೊಳ್ಳಬೇಕಿತ್ತು. ಒಂದು ಶನಿವಾರ ಉಂಡೆ ಮುಗಿಯುತ್ತಾ ಬಂತು. ಮತ್ತೆ ಮಾಡುತ್ತಾ ಕೂರಲು ಬೇಜಾರಾಗಿ, ಪ್ರತಿ ಸಲ ಯಾಕೆ ಕೊಡಬೇಕು, ನಿಮಿಷಕ್ಕೊಂದು ಸಲ ಕೊಟ್ಟರೆ ಏನಾಗುತ್ತದೆ ಅಂತ ನೋಡಿದರು. ಇಲಿ ಒತ್ತುವುದನ್ನು ಬಿಡಲಿಲ್ಲ. ಮುಂದೆ ಇಂಥ ಎಷ್ಟೋ ಪ್ರಯೋಗಗಳು ಒಂದೇ ಮಾತು ಹೇಳಿದವು. ಪ್ರತಿ ಸಲ ಸಿಗುತ್ತಿದ್ದದ್ದು ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ನಿಂತರೆ ಬಹಳ ಕಾಲ ಬಿಡುವುದಿಲ್ಲ. ಡಿ.ಎಡ್. ಓದಿದವರು ಇದನ್ನು ಪುನರ್ಬಲನ ಅಂತ ಬಾಯಿಪಾಠ ಮಾಡಿರುತ್ತಾರೆ. ಮನೆಗೆ ಬಂದ ಮೇಲೆ ನೆನಪಾಗುವುದು ಕಡಿಮೆ!

ಮಲೆನಾಡಿನವರಿಗೆ ಇದು ಗೊತ್ತಾಗಲು ಇಲಿ ಬೇಕಾಗಿಲ್ಲ, ಮಂಗ ಸಾಕು. ಆಗುಂಬೆ ಘಾಟಿಯಲ್ಲಿ ಕಾರಿನ ಕಿಟಕಿಯಿಂದ ಬಿಸ್ಕತ್ತು ಎಸೆಯುವವರು ಇರುತ್ತಾರಲ್ಲ. ಹೋಗುವ ಕಾರುಗಳಲ್ಲಿ ಯಾವುದು ನಿಲ್ಲುತ್ತದೋ ಮಂಗನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅದು ಪ್ರತಿ ಕಾರಿನ ಕಡೆಗೂ ನೋಡುತ್ತದೆ. ನಿಮ್ಮ ಅಡಿಕೆ ತೋಟಕ್ಕೆ ಬರುವ ಹಿಂಡಿನದ್ದೂ ಇದೇ ಲೆಕ್ಕ. ನಾಲ್ಕು ದಿನ ಓಡಿಸುತ್ತೀರಿ. ಐದನೇ ದಿನ ಯಾರದೋ ಮದುವೆ, ಮನೆಯಲ್ಲಿ ಜನ ಇಲ್ಲ, ಒಂದು ಬಾಳೆಗೊನೆ ಖಾಲಿ. ಮುಂದಿನ ಹದಿನೈದು ದಿನ ಬರುವುದಕ್ಕೆ ಅದಕ್ಕೆ ಆ ಒಂದು ಗೊನೆ ಸಾಕು.

ತೋಟದಿಂದ ಇನ್ನೂ ಒಂದು ವಿಷಯ ಕಲಿಯಬಹುದು. ಹೊಸದಾಗಿ ಈಡು ಹೊಡೆದಾಗ ಹಿಂಡು ಗುಡ್ಡ ಹತ್ತಿ ಓಡುತ್ತದೆ. ಕೆಲವು ದಿನ ಕಳೆದರೆ ಪಕ್ಕದ ಮರಕ್ಕೆ ಹಾರಿ ಕೂರುತ್ತದೆ. ಆಮೇಲೆ ತಲೆ ಎತ್ತಿ ನೋಡಿ ಮತ್ತೆ ಎಳೆ ಅಡಿಕೆ ಹೀರಲು ಶುರು ಮಾಡುತ್ತದೆ. ಶಬ್ದದ ಹಿಂದೆ ಏನೂ ಬರುವುದಿಲ್ಲ ಅನ್ನುವುದು ಅದಕ್ಕೆ ಪಕ್ಕಾ ಆಗಿರುತ್ತದೆ. 2019ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು ಸಾಕುನಾಯಿಗೆ ಹುಲಿಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ನಗಬೇಡಿ, ಅದರಲ್ಲಿ ವಿಚಾರ ಇದೆ. ಕಂಬಕ್ಕೆ ಕಟ್ಟಿದ ಹುಲಿಗೊಂಬೆ ಅಟ್ಟಿಸಿಕೊಂಡು ಬರುವುದಿಲ್ಲ, ನಾಯಿ ಬರುತ್ತದೆ. ‘ಅಪ್ಪ ಬರಲಿ, ಹೇಳ್ತೀನಿ ಇರು’ ಅನ್ನುವ ಮಾತು ನಿಮ್ಮ ಮನೆಯಲ್ಲಿ ಎಷ್ಟು ಸಲ ಬರೀ ಮಾತಾಗಿ ಉಳಿದಿದೆ, ಒಮ್ಮೆ ನೆನಪು ಮಾಡಿಕೊಳ್ಳಿ.

ಹಾಗಾದರೆ ಮೊಬೈಲಿಗೆ ಏನು ಮಾಡಬೇಕು? ಅಳುವಿಗೂ ಮೊಬೈಲಿಗೂ ಇರುವ ಸಂಬಂಧ ಕಡಿಯಬೇಕು. ಮೊಬೈಲನ್ನು ಪೂರ್ತಿ ಬಂದ್ ಮಾಡಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೊಂದು ಹೊತ್ತು ಗೊತ್ತು ಮಾಡಿ. ಉದಾಹರಣೆಗೆ ಸಂಜೆ ಕೈಕಾಲು ತೊಳೆದು ತಿಂಡಿ ತಿಂದ ಮೇಲೆ ಅರ್ಧ ಗಂಟೆ. ಅತ್ತರೂ ಅಷ್ಟೇ, ನಕ್ಕರೂ ಅಷ್ಟೇ. ಊಟದ ಹೊತ್ತಿಗೆ ಮೊಬೈಲ್ ಯಾರ ಕೈಯಲ್ಲೂ ಇರಕೂಡದು. ಇದರಲ್ಲಿ ನಿಮ್ಮ ಯಜಮಾನರೂ ಬಂದರು. ಈ ನಿಯಮವನ್ನು ರಂಪದ ಮಧ್ಯೆ ಘೋಷಿಸಬೇಡಿ. ಎಲ್ಲರ ತಲೆ ತಣ್ಣಗಿರುವಾಗ, ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ ಹೇಳಿ.

ಒಂದು ಎಚ್ಚರಿಕೆ. ನಿಲ್ಲಿಸಿದ ಮೊದಲ ಕೆಲವು ದಿನ ರಂಪ ಕಡಿಮೆಯಾಗುವುದಿಲ್ಲ, ಜಾಸ್ತಿ ಆಗುತ್ತದೆ. ಸ್ವಿಚ್ ಹಾಕಿದಾಗ ಲೈಟು ಹತ್ತದಿದ್ದರೆ ನಾವು ಕೂಡಲೇ ಸುಮ್ಮನಾಗುತ್ತೇವಾ? ಟಕಟಕ ಅಂತ ನಾಲ್ಕು ಸಲ ಒತ್ತುತ್ತೇವೆ. ಹುಡುಗನೂ ಒತ್ತುತ್ತಾನೆ. ತಟ್ಟೆ ಎಸೆಯಬಹುದು, ಊಟ ಬಿಡಬಹುದು. ತುಂಬಾ ಮನೆಗಳಲ್ಲಿ ಇಲ್ಲೇ ಸೋಲುವುದು. ‘ಈ ಉಪಾಯ ನಮ್ಮ ಮಗನಿಗೆ ನಡೆಯಲ್ಲ’ ಅಂತ ಮೂರನೇ ದಿನ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಅವನು ಕಲಿತದ್ದೇನು? ಮೊದಲಿನ ಅಳು ಸಾಲದು, ತಟ್ಟೆ ಎಸೆದರೆ ಆಗುತ್ತದೆ. ಆದ್ದರಿಂದ ಒಂದು ವಾರ ತಡೆಯುವ ಧೈರ್ಯ ಇದ್ದಾಗ ಮಾತ್ರ ಶುರು ಮಾಡಿ. ಮನೆಯಲ್ಲಿ ನೆಂಟರಿರುವಾಗ, ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಬೇಡವೇ ಬೇಡ. ಯಾವತ್ತೋ ಒಂದು ದಿನ ಕೊಡಲೇಬೇಕು ಅನ್ನಿಸಿದರೆ ಮೊದಲ ಸಲ ಕೇಳಿದಾಗಲೇ ಕೊಟ್ಟುಬಿಡಿ. ಒಂದು ಗಂಟೆ ಅಳಿಸಿ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಅತ್ತೆಯವರನ್ನು ‘ನೀವು ಕೊಡಬೇಡಿ’ ಅಂತ ತಡೆದರೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ, ಅಳು ಕೇಳುತ್ತಾ ಕೂರಬೇಕು. ಬೇರೆ ಕೆಲಸ ಕೊಡಿ. ತಟ್ಟೆ ಹಾಕುವ ಮೊದಲೇ ಅವರು ಮೊಮ್ಮಗನ ಪಕ್ಕ ಕೂತು ಹಳೆಯ ಕಥೆಯೋ ಒಗಟೋ ಹೇಳಲಿ. ಅಜ್ಜಿಯ ಗಮನ ಅವನಿಗೆ ಹೇಗೂ ಬೇಕು. ಅದು ಅತ್ತ ಮೇಲೆ ಸಿಗುವ ಬದಲು ಅಳುವ ಮೊದಲೇ ಸಿಗಲಿ.

ಈಗ ದುಡ್ಡಿನ ವಿಷಯ. ಬಹುಮಾನ ಕೊಟ್ಟರೆ ಮಕ್ಕಳು ಕೆಡುತ್ತಾರೆ ಅನ್ನುವುದು ಪೂರ್ತಿ ನಿಜವಲ್ಲ. 7ರ ಮಗ್ಗಿ ಯಾವ ಮಗುವಿಗೂ ಹುಟ್ಟಿನಿಂದ ಪ್ರೀತಿ ಇರುವುದಿಲ್ಲ. ಮೊದಲು ಇಷ್ಟವೇ ಇಲ್ಲದ ಕೆಲಸಕ್ಕೆ ಕೈ ಹಚ್ಚಿಸಲು ಸಣ್ಣ ಬಹುಮಾನ ಒಳ್ಳೆಯ ನೂಕು. ನೀವು ಮಗ್ಗಿಗೆ ಶುರು ಮಾಡಿದ್ದು ಅದಕ್ಕೇ ಫಲ ಕೊಟ್ಟದ್ದು. ತೊಂದರೆ ಆದದ್ದು ಅದು ಕಥೆಪುಸ್ತಕಕ್ಕೆ ಹಬ್ಬಿದಾಗ. ಮೊದಲೇ ಇಷ್ಟ ಇದ್ದ ಕೆಲಸಕ್ಕೆ ಮುಂಚಿತವಾಗಿ ಬೆಲೆ ಕಟ್ಟಿದರೆ ಇಷ್ಟವೇ ಕರಗುತ್ತದೆ.

ಇದಕ್ಕೆ ಬಹಳ ಹೆಸರಾದ ಒಂದು ಪ್ರಯೋಗವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅದನ್ನು ಪ್ರಕಟಿಸಿದರು. ಅಮೆರಿಕದ ಒಂದು ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನ ಬಿಟ್ಟು, ಬಹುಮಾನದ ಸುದ್ದಿ ಎತ್ತದೆ ಬಣ್ಣದ ಪೆನ್ನುಗಳನ್ನು ಎದುರಿಗಿಟ್ಟು ದೂರದಿಂದ ನೋಡಿದರು. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಪಡೆದವರಿಗೆ ಏನೂ ಆಗಿರಲಿಲ್ಲ. ಹಾಳು ಮಾಡಿದ್ದು ಸರ್ಟಿಫಿಕೇಟ್ ಅಲ್ಲ, ಮೊದಲೇ ಮಾಡಿಕೊಂಡ ಕರಾರು. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಜೊತೆಗಾರರು ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಮೊದಲೇ ಹೇಳಿ ಕೊಡುವ ವಸ್ತು ಮತ್ತು ದುಡ್ಡು ಇಷ್ಟವನ್ನು ತಗ್ಗಿಸುವುದು ಕಂಡಿತು.

ದುಡ್ಡು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಇಸ್ರೇಲಿನ ಹೈಫಾ ಊರಿನ ಡೇ ಕೇರ್‌ಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು. ತಡವಾದರೆ ದಂಡ ಅಂತ ಹಾಕಿ ನೋಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು! ಮೊದಲು ಟೀಚರ್ ಕಾಯುತ್ತಾರಲ್ಲ ಅನ್ನುವ ಸಂಕೋಚ ಇತ್ತು. ಈಗ ದುಡ್ಡು ಕೊಟ್ಟರಾಯಿತು. ದಂಡ ತೆಗೆದ ಮೇಲೂ ಆ ಸಂಕೋಚ ವಾಪಸ್ ಬರಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ನಡೆಸಿದವರು ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ತಿಕಿನಿ. ನಿಮ್ಮ ಮನೆಯಲ್ಲೂ ಹೀಗೇ ಆಗಿದೆ. ಓದುವುದು ಅಮ್ಮನ ಜೊತೆಗಿನ ಸಂಜೆಯ ಕೆಲಸವಾಗಿತ್ತು, ಈಗ ಕೂಲಿ ಆಗಿದೆ. ಕೂಲಿ ಅಂದ ಮೇಲೆ ದರ ಕೇಳುವುದು ಅವನ ಹಕ್ಕು ಅಲ್ವಾ?

10 ರೂಪಾಯಿಯ ರುಚಿ ಇಷ್ಟು ಬೇಗ ಯಾಕೆ ಹೋಯಿತು ಅನ್ನುವುದಕ್ಕೂ ಕಾರಣ ಇದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡುವ ಕೋಶಗಳನ್ನು ವೋಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳಲ್ಲಿ ಅಳೆದರು. ಎಣಿಸದೆ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸ ಬರುವ ಮುನ್ಸೂಚನೆ ಮಂಗಕ್ಕೆ ಅಭ್ಯಾಸವಾದ ಮೇಲೆ, ರಸ ಸಿಕ್ಕಾಗ ಏನೂ ವಿಶೇಷವಿಲ್ಲ. ಬರಬೇಕಾದ ರಸ ಬಾರದಿದ್ದರೆ ಮಾತ್ರ ಮಿಡಿತ ತಗ್ಗಿತು. ದಿನಾ ಸಿಗುವ 10 ರೂಪಾಯಿ ನಿಮ್ಮ ಮಗನಿಗೆ ಈಗ ಸಂತೋಷ ಕೊಡುತ್ತಿಲ್ಲ, ಸಿಗದಿದ್ದರೆ ದುಃಖ ಮಾತ್ರ ಕೊಡುತ್ತದೆ. ಹಾಗಾಗಿ 20 ಮಾಡಿದರೂ ಅದು ಕೆಲವೇ ದಿನದ ಮಾತು.

ಆ 140 ರೂಪಾಯಿ ಕೊಟ್ಟುಬಿಡಿ. ಮಾತು ಕೊಟ್ಟಿದ್ದೀರಿ. ಕೊಡುವಾಗಲೇ ‘ಲೆಕ್ಕ ಚುಕ್ತಾ. ಇನ್ನು ಮೇಲೆ ಓದಿಗೆ ದುಡ್ಡಿಲ್ಲ. ಆದರೆ ವಾರಕ್ಕಿಷ್ಟು ನಿನ್ನ ಕೈಖರ್ಚಿಗೆ’ ಅಂತ ಹೇಳಿ. ಕೈಖರ್ಚಿನ ದುಡ್ಡು ಓದಿದರೂ ಸಿಗಲಿ, ಓದದಿದ್ದರೂ ಸಿಗಲಿ. ಅದಕ್ಕೂ ಮಗ್ಗಿಗೂ ನಂಟು ಬೇಡ. ಶನಿವಾರ ಸಂತೆಯಲ್ಲಿ ಅವನೇ ಎಣಿಸಿ ಖರ್ಚು ಮಾಡಲಿ, ಲೆಕ್ಕವೂ ಕಲಿತ ಹಾಗಾಯಿತು.

ಮಗ್ಗಿಗೆ ಬೇರೆ ದಾರಿ ಇದೆ. ಡೇವಿಡ್ ಪ್ರೆಮ್ಯಾಕ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟದ್ದು, ನಮ್ಮ ಅಜ್ಜಿಯಂದಿರು ಯಾವಾಗಲೋ ಮಾಡುತ್ತಿದ್ದದ್ದು: ಇಷ್ಟದ ಕೆಲಸವನ್ನೇ ಇಷ್ಟವಿಲ್ಲದ ಕೆಲಸದ ಬೆನ್ನಿಗೆ ಇಡುವುದು. ಮಗ್ಗಿ ಆದ ಮೇಲೆ ಸೈಕಲ್. ಕಾಪಿ ಆದ ಮೇಲೆ ಅಂಗಳದಲ್ಲಿ ಕ್ರಿಕೆಟ್. ಸೈಕಲ್ ಹೇಗೂ ಹೊಡೆಯುತ್ತಾನೆ, ನೀವು ಬದಲಿಸಿದ್ದು ಹಿಂದುಮುಂದನ್ನು ಮಾತ್ರ. ಬಹುಮಾನ ಅಂತ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಇಡೀ ಮಗ್ಗಿ ಒಟ್ಟಿಗೆ ಕೇಳಬೇಡಿ, ಇವತ್ತು ಏಳು ಐದಲೆ ಮೂವತ್ತೈದರವರೆಗೆ ಸಾಕು. ಜಡಿಮಳೆಯ ದಿನ ಸೈಕಲ್ ಇಲ್ಲ, ಅದಕ್ಕೆ ಒಳಗೆ ಚನ್ನೆಮಣೆಯೋ ಕೇರಮ್ಮೋ ಇಟ್ಟುಕೊಳ್ಳಿ.

ಕೊಡುವುದು ಏನೇ ಇರಲಿ, ತಕ್ಷಣ ಕೊಡಬೇಕು. ಸಕ್ರೆಬೈಲಿಗೆ ಹೋಗಿದ್ದರೆ ನೋಡಿರುತ್ತೀರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಆನೆ ಬಿಡಾರ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಮಾವುತರು, ಕಾವಾಡಿಗಳು ಆನೆಗಳ ಮೈ ತಿಕ್ಕುತ್ತಿರುತ್ತಾರೆ. ಮಲಗು ಅಂದರೆ ಮಲಗಬೇಕು, ಮಗ್ಗುಲು ಬದಲಿಸಬೇಕು. ಆಮೇಲೆ ಹುಲ್ಲಿನಲ್ಲಿ ಬತ್ತ, ಬೆಲ್ಲ ಇಟ್ಟು ಸುತ್ತಿದ ಮುದ್ದೆ. ಹೇಳಿದ ಮಾತಿಗೆ ಕಾಲು ಎತ್ತಿದರೆ ಆಗಲೇ ಒಂದು ತುಂಡು ಬೆಲ್ಲ, ಕುತ್ತಿಗೆಗೆ ಒಂದು ತಟ್ಟು. ತಿಂಗಳ ಕೊನೆಯಲ್ಲಿ ಕೊಡ್ತೇನೆ ಅಂತ ಆನೆಗೆ ಹೇಳಲು ಬರುವುದಿಲ್ಲ. ಮಕ್ಕಳಿಗೆ ಹೇಳಬಹುದು, ಅದಕ್ಕೇ ಹೇಳಿ ಕೆಡುತ್ತೇವೆ. ‘ಪರೀಕ್ಷೆಯಲ್ಲಿ ಫಸ್ಟ್ ಬಂದರೆ ಸೈಕಲ್’ ಅನ್ನುವುದು ಒಂಬತ್ತು ವರ್ಷದವನಿಗೆ ಮುಂದಿನ ಜನ್ಮದ ಮಾತು. ಬಿಡಾರವನ್ನು ಸುಮ್ನೆ ಹೊಗಳಬಾರದು. ಆನೆ ಪಳಗಿಸುವುದರಲ್ಲಿ ಕ್ರಾಲ್ ಅನ್ನುವ ಮರದ ದಿಮ್ಮಿಗಳ ದೊಡ್ಡಿ ಇದೆ, ಸರಪಳಿ ಇದೆ, ಅಂಕುಶವೂ ಇದೆ. ಅಂಕುಶ ಒತ್ತಿ, ಆನೆ ಮಾತು ಕೇಳಿದ ಕೂಡಲೇ ಒತ್ತು ತೆಗೆಯುವುದೂ ಕಲಿಸುವ ಒಂದು ಬಗೆಯೇ. ಅದು ಕೆಲಸ ಮಾಡುತ್ತದೆ. ಆದರೆ ಅಂಕುಶ ಇಲ್ಲದ ಹೊತ್ತಲ್ಲಿ ಆನೆ ಏನು ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಇಲ್ಲಿಂದ ನಿಮ್ಮ ಯಜಮಾನರ ಬರಲಿಗೆ ಬರೋಣ. ಹೊಡೆದ ದಿನ ಓದುತ್ತಾನೆ ಅಂತ ನೀವೇ ಬರೆದಿದ್ದೀರಿ. ಹೊಡೆಯುವ ಅಭ್ಯಾಸ ಬಿಡದಿರುವುದಕ್ಕೆ ಇದೇ ಕಾರಣ. ಏಟು ಬಿದ್ದ ಕೂಡಲೇ ಗಲಾಟೆ ನಿಲ್ಲುತ್ತದೆ. ಹೊಡೆದವರಿಗೆ ಆ ನಿಶ್ಶಬ್ದವೇ ಬಹುಮಾನ. ಹುಡುಗ ಏನು ಕಲಿತನೋ ಬಿಡಿ, ಅಪ್ಪ ಮಾತ್ರ ಹೊಡೆಯುವುದನ್ನು ಚೆನ್ನಾಗಿ ಕಲಿತರು.

ಇನ್ನೊಂದು ಭ್ರಮೆಯೂ ಇದೆ. ಇದನ್ನು ಚೆನ್ನಾಗಿ ಹಿಡಿದವರು ಡೇನಿಯಲ್ ಕಾನ್ಮನ್, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ. ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು ಅವರ ಹತ್ತಿರ ವಾದ ಮಾಡಿದರಂತೆ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ. ಅವರು ಕಂಡದ್ದು ನಿಜ. ಕಾರಣ ಮಾತ್ರ ತಪ್ಪು. ಯಾರಿಗೇ ಆಗಲಿ ತೀರಾ ಒಳ್ಳೆಯ ದಿನದ ಮರುದಿನ ಸ್ವಲ್ಪ ಸಾಧಾರಣ, ತೀರಾ ಕೆಟ್ಟ ದಿನದ ಮರುದಿನ ಸ್ವಲ್ಪ ವಾಸಿ. ನಿಮ್ಮ ಹುಡುಗ ಕಿರುಪರೀಕ್ಷೆಯಲ್ಲಿ 25ಕ್ಕೆ 6 ತಂದ ದಿನ ಏಟು ಬೀಳುತ್ತದೆ. ಮುಂದಿನ ಸಲ 11 ಬರುತ್ತದೆ. ಏಟು ಬೀಳದಿದ್ದರೂ 11 ಬರುತ್ತಿತ್ತೇನೋ. ಆದರೆ ಹೆಸರು ಬರಲಿಗೆ ಬರುತ್ತದೆ.

ನಾನು ಮೇಲೆ ಹೇಳಿದ ಥಾರ್ನ್‌ಡೈಕ್ ಮೊದಲು ಬಹುಮಾನ, ಶಿಕ್ಷೆ ಎರಡಕ್ಕೂ ಸಮ ಬಲ ಅಂತ ನಂಬಿದ್ದರು. 1930ರ ದಶಕದ ಹೊತ್ತಿಗೆ ಅವರೇ ಆ ಮಾತು ತಿದ್ದಿದರು. ಬಹುಮಾನ ಒಂದು ಕೆಲಸವನ್ನು ಗಟ್ಟಿ ಮಾಡುವಷ್ಟು, ಶಿಕ್ಷೆ ಅದನ್ನು ಅಳಿಸುವುದಿಲ್ಲ. ಶಿಕ್ಷೆ ‘ಇದು ಬೇಡ’ ಅಂತಷ್ಟೇ ಹೇಳುತ್ತದೆ. ಏನು ಬೇಕು ಅಂತ ಹೇಳುವುದಿಲ್ಲ. ಜೊತೆಗೆ ಬೇಡದ ಕಡೆಗೆಲ್ಲ ಹರಡುತ್ತದೆ. 1920ರಲ್ಲಿ ಜಾನ್ ವಾಟ್ಸನ್ ಎಂಬ ಮನೋವಿಜ್ಞಾನಿ ಒಂದು ಎಳೆ ಕೂಸಿಗೆ ಬಿಳಿ ಇಲಿ ತೋರಿಸಿದಾಗಲೆಲ್ಲ ಹಿಂದಿನಿಂದ ಕಬ್ಬಿಣ ಬಡಿದು ಬೆಚ್ಚಿಬೀಳಿಸಿದರು. ಕೂಸು ಆಮೇಲೆ ಇಲಿ ಕಂಡರೆ ಅತ್ತಿತು, ಮೊಲ ಕಂಡರೂ ಅತ್ತಿತು. ಇವತ್ತು ಅಂಥ ಪ್ರಯೋಗವನ್ನು ಯಾರೂ ಮಾಡಲು ಬಿಡುವುದಿಲ್ಲ. ಆದರೆ ಗಣಿತದ ಪುಸ್ತಕ ಎದುರಿಗಿಟ್ಟು ಹೊಡೆಯುವ ಮನೆಗಳು ಎಷ್ಟಿವೆ! ಹುಡುಗ ತಪ್ಪಿಗೆ ಹೆದರುತ್ತಾನೆ ಅಂತ ನಿಮ್ಮವರು ಎಣಿಸುತ್ತಾರೆ. ಅವನು ಪುಸ್ತಕಕ್ಕೆ ಹೆದರುತ್ತಿರಬಹುದು, ಸಂಜೆ 7 ಗಂಟೆಗೆ ಹೆದರುತ್ತಿರಬಹುದು, ಅಪ್ಪನ ಬೈಕಿನ ಸದ್ದಿಗೆ ಹೆದರುತ್ತಿರಬಹುದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಅನ್ನುವುದನ್ನೂ ಅವರಿಗೆ ಹೇಳಿ. ಮೇಷ್ಟ್ರಿಗೆ ಬೇಡ ಅಂದದ್ದು ಮನೆಯಲ್ಲಿ ಮದ್ದಾಗುವುದಿಲ್ಲ.

ತಂಗಿಗೆ ಹೊಡೆಯುವುದು ಎಲ್ಲಿಂದ ಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1961ರಲ್ಲಿ ಮಾಡಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಗುದ್ದುವುದನ್ನು ಸುಮ್ಮನೆ ನೋಡಿದ ಮಕ್ಕಳೂ ಆಮೇಲೆ ಹಾಗೇ ಗುದ್ದಿದರು. ನಿಮ್ಮ ಮಗ ನೋಡುವುದಷ್ಟೇ ಅಲ್ಲ, ಏಟು ತಿನ್ನುತ್ತಲೂ ಇದ್ದಾನೆ. ಅವನು ತಂಗಿಗೆ ಹೊಡೆದಾಗ ಮನೆಯವರೆಲ್ಲ ಅವನ ಕಡೆ ನುಗ್ಗಬೇಡಿ. ಗಮನ ಬೇಕಾದವನಿಗೆ ಬೈಗುಳವೂ ಗಮನವೇ. ಮೊದಲು ತಂಗಿಯನ್ನು ಎತ್ತಿಕೊಳ್ಳಿ. ಆಟ ಅಲ್ಲಿಗೇ ನಿಲ್ಲಲಿ. ‘ಹೊಡೆದರೆ ಆಟ ಇಲ್ಲ’ ಅನ್ನುವ ಒಂದೇ ಮಾತು ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ಆಡಲಿ. ಸಾರು ಚೆಲ್ಲಿದರೆ ಬಟ್ಟೆ ಕೊಟ್ಟು ಅವನಿಂದಲೇ ಒರೆಸಿ, ಉಪದೇಶ ಬೇಡ. ತಪ್ಪಿಗೆ ಫಲ ಇರಬಾರದು ಅಂತ ನಾನು ಹೇಳುತ್ತಿಲ್ಲ. ಫಲ ಸಣ್ಣದಿರಲಿ, ಆಗಲೇ ಬರಲಿ, ಪ್ರತಿ ಸಲ ಬರಲಿ, ಮಾಡಿದ ತಪ್ಪಿಗೇ ಸಂಬಂಧಪಟ್ಟಿರಲಿ. ತಿಂಗಳಿಗೊಮ್ಮೆ ಬೀಳುವ ಬಾಸುಂಡೆಯ ಏಟಿಗಿಂತ ಪ್ರತಿ ಸಲ ತಪ್ಪದ ಹತ್ತು ನಿಮಿಷ ಹೆಚ್ಚು ಕಲಿಸುತ್ತದೆ.

ಹೊಗಳುವುದರ ಬಗ್ಗೆ ನೀವು ಕೇಳಿಲ್ಲ. ಆದರೂ ದುಡ್ಡು ನಿಂತ ಮೇಲೆ ಬಾಯಿಮಾತೇ ಆಸರೆ ಆಗುವುದರಿಂದ ಹೇಳುತ್ತೇನೆ. ‘ಜಾಣ ಮರಿ’ ಅಂತ ಎಲ್ಲದಕ್ಕೂ ಹೇಳಬೇಡಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತ ಅಂತ ಹೊಗಳಿಸಿಕೊಂಡ 5ನೇ ಕ್ಲಾಸಿನ ಮಕ್ಕಳು ಮುಂದೆ ಸುಲಭದ ಲೆಕ್ಕವನ್ನೇ ಆರಿಸಿಕೊಂಡರು, ಸೋತಾಗ ಬೇಗ ಕೈಚೆಲ್ಲಿದರು. ಚೆನ್ನಾಗಿ ಪಟ್ಟು ಹಿಡಿದೆ ಅಂತ ಹೊಗಳಿಸಿಕೊಂಡವರು ಕಷ್ಟದ್ದನ್ನು ಆರಿಸಿಕೊಂಡರು. ‘ನಿನ್ನೆ ಏಳು ಆರಲೆ ತಪ್ಪಿತ್ತು, ಇವತ್ತು ನೀನೇ ತಿದ್ದಿಕೊಂಡೆ’ ಅಂದರೆ ಸಾಕು. ಕಥೆಪುಸ್ತಕದ ತಂಟೆಗೆ ಮಾತ್ರ ಸದ್ಯ ಹೋಗಬೇಡಿ. ‘ಓದು’ ಅಂತಲೂ ಹೇಳಬೇಡಿ. ನೀವೇ ಜಗಲಿಯಲ್ಲಿ ಕೂತು ತಂಗಿಗೆ ಜೋರಾಗಿ ಓದಿ ಹೇಳಿ. ಅವನು ದೂರದಿಂದ ಕೇಳಿಸಿಕೊಳ್ಳುತ್ತಾನೆ. ಹತ್ತಿರ ಬಂದರೆ ಜಾಗ ಕೊಡಿ. ಆ ಇಷ್ಟ ವಾಪಸ್ ಬರಲು ತಿಂಗಳುಗಳೇ ಹಿಡಿಯಬಹುದು.

ಕೊನೆಗೆ ಒಂದು ಅನುಮಾನ ಪರಿಹಾರ ಮಾಡಿಕೊಳ್ಳಿ. ಇಷ್ಟೆಲ್ಲ ಮಾಡಿದರೂ ಓದಲು ಕೂತರೆ ಅಕ್ಷರ ತಿರುಗುಮುರುಗಾಗುತ್ತದಾ? ಒತ್ತಕ್ಷರದಲ್ಲಿ ಪದೇ ಪದೇ ತಪ್ಪುತ್ತಾನಾ? ಬಾಯಲ್ಲಿ ಸರಿಯಾಗಿ ಹೇಳಿದ್ದನ್ನು ಬರೆಯಲು ಆಗುವುದಿಲ್ಲವಾ? ಹಾಗಿದ್ದರೆ ಅವನು ದುಡ್ಡು ಕೇಳುತ್ತಿರುವುದು ಸೋಮಾರಿತನದಿಂದ ಅಲ್ಲ, ಆ ಕೆಲಸ ಅವನಿಗೆ ನಿಜವಾಗಿಯೂ ಕಷ್ಟ. ಕಲಿಕೆಯ ತೊಂದರೆಗೆ ಬಹುಮಾನವೂ ಮದ್ದಲ್ಲ, ಬರಲೂ ಮದ್ದಲ್ಲ. ಮೊದಲು ಅವನ ಕ್ಲಾಸ್ ಟೀಚರನ್ನು ಕೇಳಿ. ಅವರಿಗೂ ಹಾಗೇ ಅನ್ನಿಸಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ಅಷ್ಟು ದೂರ ಬರುವ ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಅವನ ಹಳೆಯ ಕಾಪಿಪುಸ್ತಕ, ಪರೀಕ್ಷೆಯ ಪೇಪರುಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಎಲ್ಲಿ ತಪ್ಪುತ್ತಾನೆ ಅನ್ನುವುದು ಡಾಕ್ಟರಿಗೆ ಅದರಲ್ಲೇ ಸುಮಾರು ಗೊತ್ತಾಗುತ್ತದೆ.